ಮೋಟಾರಿನ ಬ್ಯಾಟರಿಗೂ ಉಸಿರು ಬೇಕು

ಹೊರನಾಡಿನಲ್ಲಿ ಹೊಟ್ಟೆ ಹೊರೆಯುತ್ತಿರುವ ಕನ್ನಡಿಗರ ಬಾಳಿನಲ್ಲಿ ಮೋಟಾರುಗಾಡಿಯು ಇಂದು ಧನಿಕರ ಭೂಷಣವಾಗಿ ಮಾತ್ರ ಉಳಿದಿಲ್ಲ. ಮುಂಜಾನೆ ಮಾರುಕಟ್ಟೆಯಿಂದ ಹೋಟೆಲಿಗೆ ತರಕಾರಿ ಹೊತ್ತು ತರುವ ವ್ಯಾನು, ಮದುವೆಮುಂಜಿಗಳಿಗೆ ಅಡಿಗೆಯ ಪಾತ್ರೆಗಳನ್ನು ಸಾಗಿಸುವ ಟೆಂಪೊ, ಊರು ಬಿಟ್ಟು ಬಂದ ತರುಣನು ಬಾಡಿಗೆಗೆ ಓಡಿಸುವ ಟ್ಯಾಕ್ಸಿ, ಗುಮಾಸ್ತನೊಬ್ಬನು ಬ್ಯಾಂಕಿನ ಸಾಲದಿಂದ ಕೊಂಡ ಎರಡನೆಯ ಕೈಯ ಕಾರು, ಇವೆಲ್ಲವೂ ನಮ್ಮವರ ಅನ್ನದ ದಾರಿಗಳೇ ಆಗಿವೆ. ಇಂತಹ ಗಾಡಿಯ ಬ್ಯಾಟರಿಯು ಮೂರು ನಾಲ್ಕು ವರ್ಷಗಳಿಗೊಮ್ಮೆ ಕೈಕೊಡುವುದು ಸಹಜ. ಆಗ ಅಂಗಡಿಗೆ ಹೋಗಿ ನಮ್ಮವರು ಕೇಳುವ ಮೊದಲನೆಯ ಪ್ರಶ್ನೆ, ಅನೇಕ ವೇಳೆ ಕೊನೆಯ ಪ್ರಶ್ನೆಯೂ ಸಹ, “ಎಲ್ಲಕ್ಕಿಂತ ಅಗ್ಗದ್ದು ಯಾವುದು?” ಎಂಬುದಾಗಿದೆ.

ಮಿತವ್ಯಯವನ್ನು ನಾವು ಹಳಿಯುವವರಲ್ಲ. ಗಲ್ಲಾದ ಮುಂದೆ ಕುಳಿತು ಕಾಸಿಗೆ ಕಾಸು ಕೂಡಿಸಿದವರಿಗೆ ಕಾಸಿನ ಬೆಲೆ ತಿಳಿಯದೆ ಇರುವುದಿಲ್ಲ. ಆದರೆ ಬ್ಯಾಟರಿಯ ವಿಷಯದಲ್ಲಿ ಬೆಲೆಯ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಈ ಗಾಡಿಗೆ ಯಾವ ಜಾತಿಯ ಬ್ಯಾಟರಿ ತಕ್ಕುದು? ಅದರಿಂದ ಹೊರಡುವ ಅನಿಲವು ಎಲ್ಲಿಗೆ ಹೋಗುವುದು? ಮೊದಲನೆಯದನ್ನು ಕೇಳುವವರು ಕೆಲವರುಂಟು. ಎರಡನೆಯದನ್ನು ಕೇಳುವವರನ್ನು ನಾವು ಕಂಡದ್ದು ಬಹಳ ಕಡಮೆ. ಈ ಎರಡನೆಯ ಪ್ರಶ್ನೆಯು ಗಾಡಿ ಓಡಿಸುವವನ ಕಣ್ಣು ಮತ್ತು ಪ್ರಾಣಕ್ಕೆ ಸಂಬಂಧಪಟ್ಟುದಾದ್ದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸೀಸ ಮತ್ತು ಗಂಧಕಾಮ್ಲಗಳ ಈ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ೧೮೫೯ರಲ್ಲಿ ಕಂಡುಹಿಡಿದನು. ಅಂದಿನಿಂದ ಅದರ ಮೇಲ್ಮೈ ಎಷ್ಟೋ ಬದಲಾಗಿದ್ದರೂ ಒಳಗಿನ ವ್ಯಾಪಾರ ಬದಲಾಗಿಲ್ಲ. ಪೆಟ್ಟಿಗೆಯೊಳಗೆ ಆರು ಕೋಶಗಳಿರುತ್ತವೆ. ಒಂದೊಂದು ಕೋಶವೂ ಸುಮಾರು ೨.೧ ವೋಲ್ಟ್ ಕೊಡುವುದು. ಆರೂ ಸೇರಿ ೧೨.೬ ವೋಲ್ಟ್ ಆಗುವುದು. ಎಂಜಿನು ಓಡುತ್ತಿರುವಾಗ ಆಲ್ಟರ್ನೇಟರು ಇದಕ್ಕೆ ವಿದ್ಯುತ್ತನ್ನು ತುಂಬುತ್ತಿರುತ್ತದೆ. ಬ್ಯಾಟರಿ ತುಂಬುತ್ತ ಬಂದಾಗ, ವೋಲ್ಟೇಜು ಸುಮಾರು ೧೪.೪ನ್ನು ಮುಟ್ಟಿ ಮೀರತೊಡಗಿದರೆ, ಒಳಗೆ ಬಂದ ವಿದ್ಯುತ್ತಿಗೆ ಬೇರೆ ಕೆಲಸವಿಲ್ಲದೆ ಅದು ನೀರನ್ನೇ ಒಡೆಯತೊಡಗುತ್ತದೆ. ಋಣಫಲಕದಲ್ಲಿ ಜಲಜನಕವೂ ಧನಫಲಕದಲ್ಲಿ ಆಮ್ಲಜನಕವೂ ಗುಳ್ಳೆಗಟ್ಟಿ ಹೊರಡುತ್ತವೆ.

ಜಲಜನಕದ ಗುಣವನ್ನು ನಮ್ಮ ಹೋಟೆಲು ನೌಕರರಿಗೆ ಹೇಳುವುದು ಕಷ್ಟವಲ್ಲ. ಅಡಿಗೆಮನೆಯ ಗ್ಯಾಸಿನೊಡನೆ ದಿನವೆಲ್ಲ ಬದುಕುವವರು ಅವರು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದುದು; ಸೋರಿದರೆ ನೆಲದ ಮೇಲೆ ಹರಡುತ್ತದೆ. ಸೋರಿದ್ದು ಗೊತ್ತಾಗಲೆಂದು ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೇಕೆಂದೇ ಬೆರೆಸಿರುತ್ತಾರೆ. ಜಲಜನಕವೋ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ. ಅದು ಮೇಲಕ್ಕೇರಿ ಮುಚ್ಚಳದ ಕೆಳಗೆ, ಮಾಡಿನ ಕೆಳಗೆ ಕೂಡಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಎಚ್ಚರಿಸುವ ಯಾವ ಗುರುತೂ ಇಲ್ಲ. ಗಾಳಿಯಲ್ಲಿ ನೂರಕ್ಕೆ ೪ ಪಾಲಿನಿಂದ ೭೫ ಪಾಲಿನವರೆಗೆ ಅದು ಸೇರಿದ್ದರೆ ಒಂದು ಸಣ್ಣ ಕಿಡಿ ಸಾಕು. ಗ್ಯಾಸಿನ ನಳಿಗೆ ಬಿರಿದಿದ್ದರೆ ಒಲೆ ಹಚ್ಚದ ನಮ್ಮ ಹುಡುಗನು ಬ್ಯಾಟರಿಯ ಮುಂದೆ ಬೀಡಿ ಹಚ್ಚುವನು. ಇದು ಧೈರ್ಯವಲ್ಲ, ತಿಳಿಯಹೇಳುವವರು ಇಲ್ಲದ್ದರ ಫಲ.

ಗುಮಾಸ್ತ ಬಂಧುಗಳಿಗಾಗಿ ಒಂದು ಚಿಕ್ಕ ಲೆಕ್ಕ. ಬ್ಯಾಟರಿ ತುಂಬಿದ ಮೇಲೆ ಒಂದು ಆಂಪಿಯರ್-ಗಂಟೆಯಷ್ಟು ವಿದ್ಯುತ್ತು ವ್ಯರ್ಥವಾಗಿ ನೀರನ್ನು ಒಡೆದರೆ ಆರು ಕೋಶಗಳಿಂದ ಒಟ್ಟು ಎರಡೂವರೆ ಲೀಟರಿಗಿಂತ ಕೊಂಚ ಹೆಚ್ಚು ಜಲಜನಕ ಹೊರಡುತ್ತದೆ. ಐದು ಆಂಪಿಯರಿನಂತೆ ಒಂದು ಗಂಟೆ ಹಾಗಾದರೆ ಸುಮಾರು ೧೩ ಲೀಟರು. ಹದಿಮೂರು ಲೀಟರು ಜಲಜನಕವು ೩೨೫ ಲೀಟರು ಗಾಳಿಯನ್ನು ನೂರಕ್ಕೆ ನಾಲ್ಕರ ಅಪಾಯದ ಗೆರೆಗೆ ತಂದು ನಿಲ್ಲಿಸಬಲ್ಲುದು. ನಡುತರದ ಕಾರಿನ ಹಿಂಬದಿಯ ಡಿಕ್ಕಿಯ ಅಳತೆ ಹೆಚ್ಚು ಕಡಮೆ ಅಷ್ಟೇ. ಸಾಮಾನು ತುಂಬಿದ್ದರೆ ಉಳಿಯುವ ಗಾಳಿ ಇನ್ನೂ ಕಡಮೆ. ಸುಸ್ಥಿತಿಯಲ್ಲಿರುವ ಗಾಡಿಯಲ್ಲಿ ಇಷ್ಟೊಂದು ಅನಿಲ ಹೊರಡುವುದಿಲ್ಲವೆಂಬುದನ್ನೂ ಹೇಳಬೇಕು. ಬ್ಯಾಟರಿ ತುಂಬಿದೊಡನೆ ಪ್ರವಾಹವು ತಾನಾಗಿ ಇಳಿದುಹೋಗುತ್ತದೆ. ಆದರೆ ಆಲ್ಟರ್ನೇಟರಿನ ರೆಗ್ಯುಲೇಟರು ಕೆಟ್ಟು ವೋಲ್ಟೇಜು ೧೫ನ್ನು ದಾಟಿದರೆ, ಅಥವಾ ಒಂದು ಕೋಶ ಸತ್ತು ಉಳಿದ ಐದರ ಮೇಲೆ ಭಾರ ಬಿದ್ದರೆ, ಈ ಲೆಕ್ಕ ಕಾಗದದ ಲೆಕ್ಕವಾಗಿ ಉಳಿಯುವುದಿಲ್ಲ.

ಬಹುಪಾಲು ಗಾಡಿಗಳಲ್ಲಿ ಬ್ಯಾಟರಿಯು ಮುಂಭಾಗದ ಬಾನೆಟ್ಟಿನ ಕೆಳಗಿದೆ. ಅಲ್ಲಿ ಗಾಳಿಯಾಡುವುದರಿಂದ ಅನಿಲವು ಚದರಿಹೋಗುವುದು. ಆದರೆ ಎಲ್ಲ ಗಾಡಿಗಳೂ ಹಾಗಲ್ಲ. ಬಿ.ಎಂ.ಡಬ್ಲ್ಯು. ಹಾಗೂ ಮರ್ಸಿಡಿಸ್‌ನ ಹಲವು ಮಾದರಿಗಳಲ್ಲಿಯೂ ಟೊಯೋಟಾ ಪ್ರಿಯಸ್‌ನಂತಹ ಹೈಬ್ರಿಡ್ ಕಾರುಗಳಲ್ಲಿಯೂ ಹನ್ನೆರಡು ವೋಲ್ಟಿನ ಬ್ಯಾಟರಿಯು ಡಿಕ್ಕಿಯಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಆಸನದ ಕೆಳಗೇ ಇರುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಹಿಂದಿನ ಆಸನದ ಅಡಿಯಲ್ಲಿತ್ತು. “ಇವು ಶ್ರೀಮಂತರ ಕಾರುಗಳು, ನಮಗೇನು?” ಎನ್ನುವಂತಿಲ್ಲ. ಶ್ರೀಮಂತನು ಕೊಂಡ ಕಾರನ್ನು ಓಡಿಸುವವನು ನಮ್ಮವನೇ. ಮೇಲಾಗಿ ಹತ್ತು ವರ್ಷದ ನಂತರ ಅಂತಹ ಕಾರು ಅರ್ಧಕ್ಕರ್ಧ ಬೆಲೆಗಿಂತಲೂ ಕಡಮೆಗೆ ಮಾರಾಟಕ್ಕೆ ಬಂದಾಗ ಕೊಳ್ಳುವವನೂ ನಮ್ಮಂತಹ ನಡುಮಟ್ಟದವನೇ. ಆನೆಯನ್ನು ಅಗ್ಗಕ್ಕೆ ಕೊಂಡವನು ಅಂಕುಶದಲ್ಲಿ ಉಳಿಸಹೊರಡುವುದು ಆ ಘಟ್ಟದಲ್ಲಿಯೇ.

ಇಂತಹ ಗಾಡಿಯಲ್ಲಿ ಕಾರ್ಖಾನೆಯವರು ಬ್ಯಾಟರಿಯ ಪಕ್ಕದ ರಂಧ್ರಕ್ಕೆ ಒಂದು ತೆಳುವಾದ ರಬ್ಬರು ನಳಿಗೆಯನ್ನು ಜೋಡಿಸಿ ಅದರ ಇನ್ನೊಂದು ತುದಿಯನ್ನು ಗಾಡಿಯ ತಳದಿಂದ ಹೊರಕ್ಕೆ ಬಿಟ್ಟಿರುತ್ತಾರೆ. ಇದೇ ಬ್ಯಾಟರಿಯ ಮೂಗು. ಹಳೆಯ ಬ್ಯಾಟರಿಯನ್ನು ತೆಗೆಯುವಾಗ ಈ ನಳಿಗೆಯನ್ನು ಕಿತ್ತು ಬದಿಗಿಡುತ್ತಾರೆ. ಹೊಸದನ್ನು ಕೂರಿಸುವಾಗ ಅನೇಕ ವೇಳೆ ಮರೆಯುತ್ತಾರೆ. ಇಲ್ಲವೆ ಹೊಸ ಬ್ಯಾಟರಿಗೆ ಆ ರಂಧ್ರವೇ ಇಲ್ಲದಿರುವುದರಿಂದ “ಇದು ಬೇಕಾಗಿಲ್ಲ” ಎಂದು ಬಿಸಾಡುತ್ತಾರೆ. ಗಾಡಿ ಚಾಲೂ ಆಗುತ್ತದೆ, ದೀಪ ಉರಿಯುತ್ತದೆ, ಹಾರನ್ನು ಕೂಗುತ್ತದೆ. ಯಜಮಾನನು ಬಿಲ್ಲು ತೆತ್ತು ಹೊರಡುತ್ತಾನೆ. ಅಂದಿನಿಂದ ಜಲಜನಕವೂ ಆಮ್ಲದ ಸೂಕ್ಷ್ಮ ತುಂತುರೂ ಗಾಡಿಯ ಒಳಗೇ ತಂಗತೊಡಗುತ್ತವೆ. ಮೊದಲ ಕುರುಹು ಡಿಕ್ಕಿಯ ತಳದ ತಗಡಿನ ತುಕ್ಕು. ಎರಡನೆಯ ಕುರುಹಿಗಾಗಿ ಕಾಯುವುದು ಬುದ್ಧಿವಂತಿಕೆಯಲ್ಲ.

ಹಾಗಾದರೆ ಕೊಳ್ಳುವವನು ಗಮನಿಸತಕ್ಕುದೇನು?

ಮೊದಲನೆಯದಾಗಿ, ಹಳೆಯ ಬ್ಯಾಟರಿ ಸತ್ತುದೇಕೆಂದು ವಿಚಾರಿಸಬೇಕು. ಎಂಜಿನು ಓಡುವಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜನ್ನು ಅಳೆಯಿಸಬೇಕು. ಸಾಮಾನ್ಯ ಗಾಡಿಗಳಲ್ಲಿ ೧೩.೮ರಿಂದ ೧೪.೫ರ ಸುಮಾರಿಗಿದ್ದರೆ ಸರಿ. ಹದಿನೈದನ್ನು ದಾಟಿದ್ದರೆ ದೋಷವು ಬ್ಯಾಟರಿಯದಲ್ಲ; ಹೊಸದನ್ನು ಹಾಕಿದರೆ ಅದೂ ಕುದಿದು ಸಾಯುವುದು, ಅನಿಲವನ್ನೂ ಉಗುಳುವುದು. ರೋಗ ತಿಳಿಯದೆ ಔಷಧಿ ಕೊಳ್ಳುವುದು ಎರಡು ಬಾರಿ ತೆರುವ ದಾರಿ.

ಎರಡನೆಯದಾಗಿ, ಜಾತಿ. ಇಂದು ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಆಮ್ಲದ್ರವ ತುಂಬಿದ ಸಾಮಾನ್ಯ ಬ್ಯಾಟರಿ ಒಂದು. ಅದನ್ನೇ ಬಲಪಡಿಸಿದ ಇ.ಎಫ್.ಬಿ. ಇನ್ನೊಂದು. ಗಾಜಿನ ಎಳೆಗಳ ಹಾಸಿನಲ್ಲಿ ಆಮ್ಲವನ್ನು ಹೀರಿಸಿಟ್ಟ ಎ.ಜಿ.ಎಂ. ಮೂರನೆಯದು. ಸಿಗ್ನಲಿನಲ್ಲಿ ತಾನಾಗಿ ನಿಂತು ತಾನಾಗಿ ಹೊರಡುವ ಎಂಜಿನುಳ್ಳ ಗಾಡಿಗಳಿಗೆ ಕೊನೆಯ ಎರಡು ಬಗೆಗಳೇ ಬೇಕು. ಕಾರ್ಖಾನೆಯಿಂದ ಎ.ಜಿ.ಎಂ. ಬಂದಿದ್ದರೆ ಬದಲಿಯೂ ಎ.ಜಿ.ಎಂ. ಆಗಿರಬೇಕು, ಅಲ್ಲಿ ಸಾಮಾನ್ಯ ಬ್ಯಾಟರಿಯನ್ನು ಕೂರಿಸಿದರೆ ಹಣ ಉಳಿದಂತೆ ತೋರಿದರೂ ಆಯುಸ್ಸು ಮೊಟಕಾಗುವುದು. ಬಿ.ಎಂ.ಡಬ್ಲ್ಯು.ವಿನಂತಹ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದುದನ್ನು ಗಾಡಿಯ ಗಣಕಕ್ಕೆ ತಿಳಿಸಿ ದಾಖಲು ಮಾಡಿಸಬೇಕಾಗುತ್ತದೆ. ಇಲ್ಲದಿದ್ದರೆ ಅದು ಮುದಿ ಬ್ಯಾಟರಿಗೆ ಉಣಿಸಿದಂತೆಯೇ ಹೊಸದಕ್ಕೂ ಉಣಿಸುತ್ತದೆ.

ಮೂರನೆಯದಾಗಿ, ಅಳತೆ. ಸಣ್ಣ ಕಾರುಗಳ ಬ್ಯಾಟರಿಯ ಮೇಲೆ ೩೮-ಬಿ-೨೦-ಎಲ್ ಎಂಬಂತಹ ಗುರುತು ಇರುತ್ತದೆ. ಇದು ಜಪಾನಿನ ಕ್ರಮ. ಮೊದಲ ೩೮ನ್ನು ಆಂಪಿಯರ್-ಗಂಟೆ ಎಂದು ಬಗೆಯುವವರುಂಟು. ಅದು ಹಾಗಲ್ಲ, ಕಾರ್ಯಸಾಮರ್ಥ್ಯದ ದರ್ಜೆ. ಬಿ ಎಂಬುದು ಅಗಲ ಎತ್ತರಗಳ ವರ್ಗ. ೨೦ ಎಂಬುದು ಸೆಂಟಿಮೀಟರುಗಳಲ್ಲಿ ಸುಮಾರು ಉದ್ದ. ಕೊನೆಯ ಅಕ್ಷರವು ಧ್ರುವಗಳು ಯಾವ ಕಡೆಗಿವೆ ಎಂಬುದನ್ನು ಹೇಳುವುದು. ಈ ಕೊನೆಯ ಅಕ್ಷರ ತಪ್ಪಿದರೆ ತಂತಿ ಎಟುಕುವುದಿಲ್ಲ. ಎಳೆದು ಕಟ್ಟಿದರೆ ಲೋಹಕ್ಕೆ ಉಜ್ಜಿ ಕಿಡಿ ಹಾರುವುದು. ಉದ್ದಗಲ ತಪ್ಪಿದರೆ ಬಿಗಿಯುವ ಪಟ್ಟಿ ಕೂರುವುದಿಲ್ಲ; ಕುಲುಕಾಟದಿಂದ ಒಳಗಿನ ಫಲಕಗಳು ಉದುರುವುವು.

ನಾಲ್ಕನೆಯದಾಗಿ, ವಯಸ್ಸು. ಅಂಗಡಿಯಲ್ಲಿ ಕುಳಿತೂ ಬ್ಯಾಟರಿ ಮುದಿಯಾಗುತ್ತದೆ. ತಯಾರಾದ ತಿಂಗಳನ್ನು ಓದಿ ತೋರಿಸೆಂದು ಕೇಳಬೇಕು. ಆರು ತಿಂಗಳಿಗಿಂತ ಹಳೆಯದನ್ನು ಒಲ್ಲೆನೆನ್ನಬೇಕು. ಹಾಗೆಯೇ ವಾರಂಟಿಯ ಮಾತು. “ನಾಲ್ಕು ವರ್ಷ” ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಅನೇಕ ವೇಳೆ ಮೊದಲ ಭಾಗದಲ್ಲಿ ಮಾತ್ರ ಪುಕ್ಕಟೆ ಬದಲಿ. ಉಳಿದ ಭಾಗದಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಅಷ್ಟೆ. ಅದನ್ನು ಓದಿಯೇ ರುಜು ಹಾಕಿಸಿಕೊಳ್ಳಬೇಕು.

ಐದನೆಯದು ನಮ್ಮ ಮುಖ್ಯ ವಿಷಯ: ಉಸಿರಿನ ದಾರಿ. ಬ್ಯಾಟರಿಯು ಡಿಕ್ಕಿಯಲ್ಲಿಯೋ ಆಸನದ ಕೆಳಗೋ ಇರುವ ಗಾಡಿಯಾದರೆ, ನಳಿಗೆ ಜೋಡಿಸುವ ರಂಧ್ರವಿಲ್ಲದ ಬ್ಯಾಟರಿಯನ್ನು, ಅದು ಎಷ್ಟೇ ಅಗ್ಗವಾಗಿರಲಿ, ಸರ್ವಥಾ ಕೊಳ್ಳಕೂಡದು. ಕೆಲವು ಬ್ಯಾಟರಿಗಳಿಗೆ ಎರಡೂ ಬದಿಯಲ್ಲಿ ರಂಧ್ರಗಳಿರುತ್ತವೆ. ಒಂದಕ್ಕೆ ನಳಿಗೆ, ಇನ್ನೊಂದಕ್ಕೆ ಜೊತೆಯಲ್ಲಿ ಕೊಟ್ಟ ಬಿರಡೆ. ಬಿರಡೆ ಹಾಕದಿದ್ದರೆ ಅನಿಲ ಒಳಗೇ ಸೋರುವುದು. ಎರಡನ್ನೂ ಮುಚ್ಚಿದರೆ ಉಸಿರುಗಟ್ಟಿ ಪೆಟ್ಟಿಗೆಯೇ ಉಬ್ಬುವುದು. ನಳಿಗೆ ಮಡಿಚಿರಬಾರದು, ಬಿರಿದಿರಬಾರದು. ಹೊರತುದಿಯು ಕೆಸರಿನಿಂದ ಮುಚ್ಚಿರಬಾರದು. ಮುಂಬಯಿಯ ಮಳೆಗಾಲದ ನಂತರ ಒಮ್ಮೆ ಬಗ್ಗಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. “ಇದು ಮೇಂಟೆನೆನ್ಸ್-ಫ್ರೀ ಬ್ಯಾಟರಿ, ಸೀಲು ಮಾಡಿದ್ದು, ಅನಿಲವೇ ಬರುವುದಿಲ್ಲ” ಎಂದು ಅಂಗಡಿಯವರು ಹೇಳುತ್ತಾರೆ. ಇದು ಅರ್ಧ ಸತ್ಯ. ನೀರು ಹಾಕುವ ಕೆಲಸವಿಲ್ಲವೆಂಬುದೇ ಆ ಹೆಸರಿನ ಅರ್ಥ. ಅನಿಲ ಕಡಮೆ, ಇಲ್ಲವೆಂದಲ್ಲ. ಎ.ಜಿ.ಎಂ. ಬ್ಯಾಟರಿಯು ಅನಿಲಗಳನ್ನು ಒಳಗೇ ಮತ್ತೆ ಕೂಡಿಸಿ ನೀರಾಗಿಸುವುದು ನಿಜ. ಆದರೆ ಅದಕ್ಕೂ ಒಂದು ಕವಾಟವನ್ನಿಟ್ಟಿದ್ದಾರೆ. ಅತಿಯಾಗಿ ತುಂಬಿದಾಗ ಆ ಕವಾಟ ತೆರೆಯುವುದು. ಎಂದೂ ಬೇಡವಾಗಿದ್ದರೆ ಕಾರ್ಖಾನೆಯವರು ಕವಾಟವನ್ನೇಕೆ ಇಡುತ್ತಿದ್ದರು? ಇನ್ನು “ಇಷ್ಟು ವರ್ಷ ಏನೂ ಆಗಲಿಲ್ಲ” ಎಂಬ ವಾದ. ರೆಗ್ಯುಲೇಟರು ಕೆಡುವ ದಿನದವರೆಗೆ ಏನೂ ಆಗುವುದಿಲ್ಲ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು” ಎಂಬ ಗಾದೆಯನ್ನು ಅಡಿಗೆಯವರಿಗೆ ನಾವು ನೆನಪಿಸಬೇಕಾಗಿಲ್ಲ.

ಬ್ಯಾಟರಿ ಬದಲಾಯಿಸುವ ಕೈಗಳಿಗೂ ಕೆಲವು ನಿಯಮಗಳಿವೆ. ಉಂಗುರ, ಲೋಹದ ಗಡಿಯಾರಗಳನ್ನು ಕಳಚಿಡಬೇಕು. ಬಿಚ್ಚುವಾಗ ಋಣಧ್ರುವದ ತಂತಿ ಮೊದಲು. ಕಟ್ಟುವಾಗ ಅದೇ ಕೊನೆಗೆ. ಬೇರೊಂದು ಗಾಡಿಯಿಂದ ವಿದ್ಯುತ್ತು ಪಡೆದು ಎಂಜಿನು ಎಬ್ಬಿಸುವಾಗ ಕೊನೆಯ ಹಿಡಿಕೆಯನ್ನು ಸತ್ತ ಬ್ಯಾಟರಿಯ ಮೇಲಲ್ಲ, ಅದರಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ಸಿಕ್ಕಿಸಬೇಕು. ಕಡೆಯ ಕಿಡಿಯು ಅನಿಲವಿರುವಲ್ಲಿ ಹಾರಬಾರದೆಂಬುದೇ ಇದರ ಉದ್ದೇಶ. ಸಿಡಿದ ಬ್ಯಾಟರಿಯು ಪ್ಲಾಸ್ಟಿಕ್ಕಿನ ಚೂರುಗಳನ್ನೂ ಗಂಧಕಾಮ್ಲವನ್ನೂ ಮುಖಕ್ಕೆ ಎರಚುವುದು. ಆದುದರಿಂದ ಕಣ್ಣಿಗೆ ಕನ್ನಡಕ ಬೇಕು. ಆಮ್ಲ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಡಮೆಯಾಗದಂತೆ ನೀರು ಹೊಯ್ಯುತ್ತಿದ್ದು, ಅನಂತರ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ನೆಲಕ್ಕೆ ಚೆಲ್ಲಿದ ಆಮ್ಲಕ್ಕೆ ನಮ್ಮ ಅಡಿಗೆಮನೆಯ ಸೋಡಾಪುಡಿಯೇ ಮದ್ದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಬೇಯುತ್ತಿದೆಯೆಂದು ತಿಳಿದು, ಎಂಜಿನನ್ನು ನಿಲ್ಲಿಸಿ, ಬಾಗಿಲು ತೆರೆದು, ದೂರ ಸರಿಯಬೇಕು. ಆ ಅನಿಲ ವಿಷವೂ ಹೌದು.

ಈಗ ಹೋಟೆಲು ಮಾಲಿಕ ಬಂಧುಗಳಿಗೆ ಒಂದು ಮಾತು. ಕಾರಿನ ಡಿಕ್ಕಿಗೆ ಸಲ್ಲುವ ನ್ಯಾಯವೇ ಹೋಟೆಲಿನ ಇನ್ವರ್ಟರಿಗೂ ಸಲ್ಲಬೇಕು. ದೀಪ ಹೋದಾಗ ಗಿರಾಕಿಗಳಿಗೆ ಕತ್ತಲಾಗಬಾರದೆಂದು ೧೫೦ ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಯನ್ನು ತರಿಸುತ್ತೇವೆ. ಇಡುವುದೆಲ್ಲಿ? ಜಾಗದ ಬೆಲೆ ಚಿನ್ನದಂತಿರುವ ಈ ನಗರಗಳಲ್ಲಿ ಅದು ಮೂಲೆಯ ಮರದ ಕಪಾಟಿಗೋ ಹುಡುಗರು ಮಲಗುವ ಹಿಂದಿನ ಕೋಣೆಗೋ ಸೇರುತ್ತದೆ. ಕೆಲವು ತಿಂಗಳಿಗೊಮ್ಮೆ ಅದಕ್ಕೆ ಬಟ್ಟಿಯಿಳಿಸಿದ ನೀರನ್ನು ಹಾಕುತ್ತೇವಷ್ಟೆ. ಆ ಹಿಂದಿನ ನೀರು ಹೋಯಿತೆಲ್ಲಿಗೆ? ಬಹುಭಾಗ ಅನಿಲವಾಗಿ ಹೋಯಿತು. ಒಂದು ಲೀಟರು ನೀರು ಹೀಗೆ ಒಡೆದರೆ ೧,೨೦೦ ಲೀಟರಿಗೂ ಹೆಚ್ಚು ಜಲಜನಕವಾಗುವುದು. ಹತ್ತು ಅಡಿ ಉದ್ದ, ಅಗಲ, ಎತ್ತರಗಳ ಕೋಣೆಗೆ ಕಿಟಕಿಯಿದ್ದರೆ ಅದು ಚದರಿಹೋಗುವುದು, ನಿಜ. ಆದರೆ ಚಿಕ್ಕದಾದ ಮುಚ್ಚಿದ ಕಪಾಟಿನಲ್ಲಿ ಮೇಲೆ ಹೇಳಿದ ಹದಿಮೂರು ಲೀಟರೇ ಸಾಕು. ಅಲ್ಲಿಯೇ ಸ್ವಿಚ್ಚು, ಅಲ್ಲಿಯೇ ಊದಿನಕಡ್ಡಿ, ಅಲ್ಲಿಯೇ ದಣಿದು ಮಲಗಿದ ಹದಿನೆಂಟರ ಹುಡುಗ!

ನಮ್ಮ ದೃಷ್ಟಿಯಲ್ಲಿ ಅನ್ಯಾಯದ ಮೂಲವಿರುವುದು ಇಲ್ಲಿ. ಬ್ಯಾಟರಿಯನ್ನು ಆರಿಸುವವನು ಒಬ್ಬ. ಅದರ ಪಕ್ಕದಲ್ಲಿ ಕೂರುವವನು, ಮಲಗುವವನು ಇನ್ನೊಬ್ಬ. ಬೆಲೆಯಲ್ಲಿ ಉಳಿದದ್ದು ಯಜಮಾನನ ಜೇಬಿಗೆ. ಅಪಾಯ ಮಾತ್ರ ಚಾಲಕನ ಹಾಗೂ ಮಾಣಿಯ ಪಾಲಿಗೆ. ಇದನ್ನು ಹೇಳುವಾಗ ನಾವು ಮಾಲಿಕರ ಮೇಲೆ ಕೈ ತೋರಿಸಿ ದೂರ ನಿಂತವರಲ್ಲ. ಅದೇ ಪಂಕ್ತಿಯಿಂದ ಎದ್ದುಬಂದವರು. ನಮ್ಮ ನೌಕರರು ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು, ನಮ್ಮನ್ನು ನಂಬಿ ಬಂದವರು. ಅವರಿಗೆ ಊಟವಿಕ್ಕುವುದು ಎಷ್ಟು ಧರ್ಮವೋ ಅವರು ನಿರ್ಭಯವಾಗಿ ಉಸಿರಾಡುವಂತೆ ನೋಡಿಕೊಳ್ಳುವುದೂ ಅಷ್ಟೇ ಧರ್ಮ.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಬ್ಯಾಟರಿಯನ್ನು ಕೊಳ್ಳುವ ಮುನ್ನ ಗಾಡಿ ಓಡಿಸುವವನನ್ನೂ ಜೊತೆಗೆ ಕರೆದೊಯ್ಯಬೇಕು. ಗಾಡಿಯ ಕೈಪಿಡಿಯನ್ನು ತೆರೆದು ನೋಡಬೇಕು. ಅಂಗಡಿಯವನ ಬಿಲ್ಲಿನಲ್ಲಿ “ಅನಿಲದ ನಳಿಗೆಯನ್ನು ಜೋಡಿಸಿದೆ” ಎಂಬ ಒಂದು ಸಾಲನ್ನು ಬರೆಯಿಸಿಕೊಳ್ಳಬೇಕು. ಬರೆಯಲೊಪ್ಪದ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು. ನಾಲ್ಕು ಗಿರಾಕಿಗಳು ಹೀಗೆ ಕೇಳಿದರೆ ಐದನೆಯವನಿಗೆ ಕೇಳದೆಯೇ ಬರೆದುಕೊಡುವರು. ಇನ್ವರ್ಟರಿನ ಬ್ಯಾಟರಿಯನ್ನು ಮಲಗುವ ಕೋಣೆಯಿಂದಲೂ ಒಲೆಯ ಬಳಿಯಿಂದಲೂ ಹೊರಗಿಡಬೇಕು. ಕಪಾಟಿನಲ್ಲಿಡಲೇಬೇಕಾದರೆ ಅದರ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ಗಾಳಿಕಿಂಡಿಗಳನ್ನು ಕೊರೆಯಿಸಬೇಕು. ಹಳೆಯ ಬ್ಯಾಟರಿಯನ್ನು ಗುಜರಿಯ ಹುಡುಗನಿಗೆ ಕೊಡದೆ ಅಂಗಡಿಗೇ ಮರಳಿಸಿ ಅದರ ಸೀಸದ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಬೇಕು. ಬಳಸಿದ ಬ್ಯಾಟರಿಗಳ ವಿಲೇವಾರಿಗೆಂದೇ ೨೦೨೨ರಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಹೊರಡಿಸಿದೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಾಗಿಲ್ಲ. ನಳಿಗೆಯ ಬೆಲೆ ಬ್ಯಾಟರಿಯ ಬೆಲೆಯ ಮುಂದೆ ಲೆಕ್ಕಕ್ಕೆ ಬರುವಂತಹುದಲ್ಲ. ಗಾಳಿಕಿಂಡಿ ಕೊರೆಯಲು ಬಡಗಿಗೆ ಅರ್ಧ ಗಂಟೆ ಸಾಕು. ಬೇಕಾದುದು ಕೇಳುವ ಬಾಯಿ ಮತ್ತು ಬಗ್ಗಿ ನೋಡುವ ಕಣ್ಣು. ಮುಂದಿನ ಬಾರಿ ಬ್ಯಾಟರಿಯಂಗಡಿಯ ಮೆಟ್ಟಿಲು ಹತ್ತುವ ನಮ್ಮ ವಾಚಕರು “ಬೆಲೆ ಎಷ್ಟು?” ಎಂಬುದಕ್ಕೆ ಮೊದಲು “ಇದರ ಉಸಿರು ಎಲ್ಲಿಗೆ ಹೋಗುವುದು?” ಎಂದು ಕೇಳಲಿ.